ಒಂಬತ್ತನೇ ನಂಬರಿನ ಹೆಬ್ಬೆಟ್ಟು

ಮೊನ್ನೆ ರಾಬರ್ಟ್‌ಸನ್‌ಪೇಟೆಯಲ್ಲಿ ಲೆಕ್ಕಪರಿಶೋಧಕರ ಸಣ್ಣದೊಂದು ಸಭೆ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಯುವತಿಯೊಬ್ಬರು ಒಂದು ಗಂಟೆ ಮಾತಾಡಿದರು. ಲೆಕ್ಕದ ಪುಸ್ತಕದೊಳಗೆ ಅಡಗಿದ ಮೋಸವನ್ನು ಬೆದಕಿ ತೆಗೆಯುವುದು ಈಗ ಬೇರೆಯೇ ವಿದ್ಯೆಯಾಗಿ ಬೆಳೆದಿದೆಯಂತೆ. ಜಗಳಗಳನ್ನು ಕೋರ್ಟಿಗೆ ಒಯ್ಯದೆ ಮಧ್ಯಸ್ಥರ ಮುಂದೆಯೇ ಮುಗಿಸಿಕೊಳ್ಳುವವರು ಹೆಚ್ಚಾಗಿದ್ದಾರಂತೆ. ಆಮೇಲೆ ಅಲ್ಲಿದ್ದವರಲ್ಲಿ ಹಿರಿಯ ಎಂದು ನನ್ನನ್ನು ನಿಲ್ಲಿಸಿ, "ನಿಮ್ಮ ಕಾಲದ ಅನುಭವ ಹೇಳಿ ಸಾರ್" ಎಂದರು.

ನಾನು ರೈಲು ಚೀಟಿಯ ಕತೆ ಹೇಳಿದೆ. ಸತ್ತವನ ಹೆಸರಿನಲ್ಲಿ ಬಿದ್ದಿದ್ದ ಹೆಬ್ಬೆಟ್ಟು ಯಾರದೆಂದು, ಬರೀ ಒಂದು ಭೂತಗನ್ನಡಿ ಹಿಡಿದು, ಇಪ್ಪತ್ತಮೂರನೇ ವಯಸ್ಸಿನಲ್ಲಿ ಪತ್ತೆ ಮಾಡಿದ್ದನ್ನು ಹೇಳಿದೆ. ಜೋರಾಗಿ ಚಪ್ಪಾಳೆ ಬಿತ್ತು. ನಾನು ಹೇಳಿದ್ದು ಅಲ್ಲಿಗೇ ನಿಂತಿತು. ಮಿಕ್ಕಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅದರಲ್ಲಿದ್ದವರು ಒಬ್ಬರೂ ಈಗ ಇಲ್ಲ. ಹೇಳಿದರೆ ಕೆಡುವುದು ನನ್ನ ಹೆಸರು ಮಾತ್ರ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮೂರು ಬಂಗಾರಪೇಟೆ ಸ್ಟೇಷನ್ನಿನಿಂದ ಎರಡು ಮೈಲಿ. ಮಳೆಗಾಲಕ್ಕೆ ರಾಗಿ ಹೊಲ, ಉಳಿದಂತೆ ಗಣಿಯ ಕೂಲಿ. ಅಪ್ಪ ಬೆಳಗಿನ ಗಾಡಿ ಹಿಡಿದು, ಊರಿಗಾಂ ದಾಟಿ ಆಚೆಯ ಗಣಿಗೆ ಹೋಗಿ ಕೆಳಗಿಳಿಯುತ್ತಿದ್ದ. ಹೆಸರು ಬರೆಯಲು ಬರುತ್ತಿರಲಿಲ್ಲ. ಅಂಥವನ ಮಗ ಬೆಂಗಳೂರಿಗೆ ಹೋಗಿ ಬಿ.ಕಾಂ. ಮುಗಿಸಿದೆ. ನಮ್ಮ ಮನೆತನದಲ್ಲಿ ಮಾತ್ರವಲ್ಲ, ಸುತ್ತಲ ಐದಾರು ಹಳ್ಳಿಯಲ್ಲಿ ನಾನೇ ಮೊದಲನೆಯವನು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಒಂದೇ ಅಂಗಿಯನ್ನು ಒಗೆದು ಒಣಗಿಸಿ ಮೂರು ವರ್ಷ ಓದಿದವನು ನಾನು. ಪಾಸಾದ ಮೇಲೆ ರಾಬರ್ಟ್‌ಸನ್‌ಪೇಟೆಯ ಆಡಿಟರೊಬ್ಬರ ಹತ್ತಿರ ಸಹಾಯಕನಾಗಿ ಸೇರಿದೆ. "ಪುಸ್ತಕ ನೋಡು, ಮುಖ ನೋಡಬೇಡ" ಎಂದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಾನು ಆ ಮಾತನ್ನು ಹೊತ್ತು ಮೆರೆದೆ.

ರೈಲು ಚೀಟಿ ಎಂದರೆ ಏನೆಂದು ಹೇಳಿಬಿಡುತ್ತೇನೆ. ನಮ್ಮ ಕಡೆಯಿಂದ ಗಣಿಗೆ ಹೋಗುವವರೆಲ್ಲ ಬೆಳಗಿನ ಗಾಡಿಯ ಕೊನೆಯ ಡಬ್ಬಿಯಲ್ಲೇ ಕೂರುತ್ತಿದ್ದರು. ಅವರಲ್ಲಿ ಇಪ್ಪತ್ತು ಜನ ಸೇರಿ ತಿಂಗಳಿಗೆ ಹತ್ತು ರೂಪಾಯಿಯಂತೆ ಕಟ್ಟುವ ಚೀಟಿ. ಸಂಬಳದ ಮಾರನೇ ದಿನ, ಗಾಡಿ ಹೊರಟ ಮೇಲೆ, ಒಂದರಿಂದ ಇಪ್ಪತ್ತರವರೆಗೆ ನಂಬರು ಬರೆದ ಕಾಗದದ ಉಂಡೆಗಳನ್ನು ಗಣಿಯ ಟೋಪಿಯೊಳಗೆ ಹಾಕಿ ಕುಲುಕುತ್ತಿದ್ದರು. ಯಾರ ನಂಬರು ಬಂತೋ ಅವರಿಗೆ ಇನ್ನೂರು ರೂಪಾಯಿ. ಅವರು ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಒಮ್ಮೆ ಎತ್ತಿದವರ ಉಂಡೆಯನ್ನು ಮತ್ತೆ ಹಾಕುವುದಿಲ್ಲ. ಇಪ್ಪತ್ತು ತಿಂಗಳಿಗೆ ಚೀಟಿ ಮುಗಿಯುತ್ತಿತ್ತು. ಮದುವೆ, ಎತ್ತು, ಬಾವಿ, ಎಲ್ಲ ಆ ಟೋಪಿಯಿಂದಲೇ ಬರುತ್ತಿದ್ದವು.

ಚೀಟಿ ನಡೆಸುತ್ತಿದ್ದವರು ಗಣಿಯಲ್ಲಿ ಅಪ್ಪನ ಜೊತೆಗಾರರು. ಆಂಧ್ರದ ಗಡಿಯ ಕಡೆಯವರು, ನಾಲ್ಕನೇ ಕ್ಲಾಸು ಓದಿದ್ದರು. ಊರಿಗೆಲ್ಲ ಅವರು ಚೀಟಿ ಮಾವ. ನನಗೂ ಮಾವನೇ. ಡಬ್ಬಿಯಲ್ಲಿ ಕಿಟಕಿಯ ಪಕ್ಕದ ಜಾಗ ಅವರದು. ಅವರ ಪಕ್ಕ ಕೂರಲು ಜನ ನೂಕಾಡುತ್ತಿದ್ದರು. ಕಾಗದ ಓದಿಸಿಕೊಳ್ಳುವವರು, ಬರೆಸಿಕೊಳ್ಳುವವರು, ಹೆಂಡತಿ ಜೊತೆ ಜಗಳವಾಡಿ ಬಂದವರು, ಎಲ್ಲರಿಗೂ ಅಲ್ಲೇ ಕಛೇರಿ. ಯಾವುದೋ ಕಬ್ಬಿಣ ತಾಗಿ ಅವರ ಬಲಗೈ ಹೆಬ್ಬೆರಳಿಗೆ ಅಡ್ಡಲಾಗಿ ಒಂದು ಗಾಯದ ಗೆರೆ ಇತ್ತು.

ನಯಾಪೈಸೆ ಬಂದ ಮಾರನೇ ವರ್ಷ ಹೊಸ ಚೀಟಿ ಶುರುವಾಯಿತು. ಅದಕ್ಕೆ ನಮ್ಮೂರಿನವನೊಬ್ಬ ಹೊಸದಾಗಿ ಸೇರಿದ. ಅವನ ತಮ್ಮ ಗಣಿಯೊಳಗೆ ಬಂಡೆ ಸಿಡಿದು ಸತ್ತು ಎರಡು ವರ್ಷದ ಮೇಲಾಗಿತ್ತು. ಕಂಪನಿ ಕೊಟ್ಟ ಪರಿಹಾರದ ದುಡ್ಡನ್ನು ಈ ಅಣ್ಣ ಮನೆಯ ಹಿರಿಯನೆಂದು ಇಸಿದುಕೊಂಡು ತನ್ನ ಹೆಸರಿಗೆ ಹೊಲ ಬರೆಸಿಕೊಂಡಿದ್ದ. ತಮ್ಮನ ಹೆಂಡತಿಯನ್ನು ಮಗುವಿನ ಸಮೇತ ಮನೆಯಿಂದ ಕಳಿಸಿದ್ದ. ಇದು ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಅಣ್ಣನಿಗೆ ಅಷ್ಟಿಷ್ಟು ಓದಲು ಬರುತ್ತಿತ್ತು. ಹೊಸ ಚೀಟಿಗೆ ಹೆಬ್ಬೆಟ್ಟು ಒತ್ತುವಾಗ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದನಂತೆ. ಹಳೇ ಚೀಟಿಯ ಒಂಬತ್ತನೇ ನಂಬರು ಅವನ ತಮ್ಮನದು. ಏಳು ತಿಂಗಳು ಕಟ್ಟಿ ಸತ್ತಿದ್ದ. ಆದರೆ ಇಪ್ಪತ್ತನೇ ತಿಂಗಳವರೆಗೂ ಅವನ ಹೆಸರಿನಲ್ಲಿ ಹತ್ತು ರೂಪಾಯಿ ಜಮಾ ಆಗಿತ್ತು. ಹದಿನಾರನೇ ತಿಂಗಳು ಅವನ ನಂಬರು ಎದ್ದಿತ್ತು. ಇನ್ನೂರು ರೂಪಾಯಿಯ ಎದುರಿಗೆ ಒಂದು ಹೆಬ್ಬೆಟ್ಟೂ ಬಿದ್ದಿತ್ತು.

ಓಡುವ ಗಾಡಿಯಲ್ಲಿ ಅವನು ಎದ್ದು ನಿಂತನಂತೆ. "ನೋಡ್ರಪ್ಪೋ! ಸತ್ತೋನು ಗುಂಡಿಯಿಂದ ಎದ್ ಬಂದು ಎಬ್ಬೆಟ್ಟು ಒತ್ತಿ ದುಡ್ಡು ಇಸ್ಕೊಂಡೋಗವ್ನೆ! ಏನ್ ಮಾವ, ಗಾಡಿಗೇ ಬಂದಿದ್ನಾ? ಟಿಕೇಟು ತಗಂಡಿದ್ನಾ?"

ಆ ತಮ್ಮ ಸತ್ತಾಗ ಚೀಟಿ ಮಾವ ಡಬ್ಬಿಯಲ್ಲಿ, "ಆ ನಂಬರು ನಾನು ನೋಡ್ಕೊತೀನಿ" ಎಂದಷ್ಟೇ ಹೇಳಿದ್ದರು. ಯಾರೋ ವಹಿಸಿಕೊಂಡಿರಬೇಕೆಂದು ಜನ ಸುಮ್ಮನಿದ್ದರು. ಈಗ ಕೇಳಿದರೆ ಮಾವ ಬಾಯಿ ಬಿಡಲಿಲ್ಲ. ಅಣ್ಣ ಕೋಲಾರದ ಕೋರ್ಟಿಗೆ ಹೋಗುತ್ತೇನೆಂದ. ಇನ್ನೂರು ರೂಪಾಯಿಯ ವ್ಯಾಜ್ಯಕ್ಕೆ ವಕೀಲರಿಗೇ ಮುನ್ನೂರು ಬೇಕಾಗುತ್ತದೆಂದು ಹಿರಿಯರು ಅವನನ್ನು ತಡೆದರು. ನಮ್ಮಲ್ಲೇ ಓದಿದವನಿಲ್ಲವೇ, ಪುಸ್ತಕ ಅವನ ಕೈಗೆ ಕೊಡೋಣ, ಅವನು ಬರೆದದ್ದನ್ನು ಇಬ್ಬರೂ ಒಪ್ಪಬೇಕು ಎಂದು ತೀರ್ಮಾನವಾಯಿತು. ಸ್ಟಾಂಪು ಕಾಗದದ ಮೇಲೆ ಇಬ್ಬರೂ ಒಪ್ಪಿಗೆ ಕೊಟ್ಟರು.

ಆ ಸುದ್ದಿ ತಂದ ದಿನ ಅಪ್ಪನ ಮುಖದಲ್ಲಿ ಸಂತೋಷವಿರಲಿಲ್ಲ. ನಾನು ಅದನ್ನು ಗಮನಿಸಲಿಲ್ಲ. ಪುಸ್ತಕ ನನ್ನ ಕೈಗೆ ಬಂದಿತ್ತು.

ಎರಡು ಭಾನುವಾರ ಕೂತು ನೋಡಿದೆ. ನಮ್ಮ ಆಡಿಟರ ಮೇಜಿನಿಂದ ಭೂತಗನ್ನಡಿ, ಶಾಯಿಯ ಪ್ಯಾಡು ತಂದಿದ್ದೆ. ಮಾವನನ್ನು ಮನೆಗೆ ಕರೆಸಿ ಜಗುಲಿಯ ಮೇಲೆ ಹತ್ತೂ ಬೆರಳಿನ ಗುರುತು ತೆಗೆದುಕೊಂಡೆ. ಅವರು ಸಣ್ಣ ಮಗುವಿನ ಹಾಗೆ ಕೈ ಕೊಟ್ಟರು. ಬಲಗೈ ಹೆಬ್ಬೆರಳು ಒತ್ತುವಾಗಲೇ ನನಗೆ ಗೊತ್ತಾಯಿತು. ಅಡ್ಡಲಾದ ಬಿಳಿ ಗೆರೆ ಪುಸ್ತಕದಲ್ಲೂ ಇತ್ತು, ಇಲ್ಲೂ ಇತ್ತು. ಇನ್ನೊಮ್ಮೆ ಒತ್ತಿಸಿಕೊಂಡೆ. ಖುಷಿಗೆ.

ಕೈ ಒರೆಸಿಕೊಳ್ಳುತ್ತ ಮಾವ ಹೇಳಿದರು, "ಅಪ್ಪಾ, ಪುಸ್ತಕದಾಗೆ ಇರೋದೆಲ್ಲ ದಿಟವೇ. ಆದ್ರೆ ಇಲ್ದೇ ಇರೋದೂ ಒಸಿ ಐತೆ. ಒಂದ್ ಗಳಿಗೆ ಆ ಹೊಂಗೆ ಮರದ ತಾವ ಬತ್ತೀಯಾ?"

"ಹೇಳೋದಿದ್ದರೆ ಎಲ್ಲರ ಮುಂದೆ ಹೇಳಿ ಮಾವ. ಒಬ್ಬ ಪಾರ್ಟಿ ಜೊತೆ ನಾನು ಗುಟ್ಟಾಗಿ ಮಾತಾಡೋ ಹಂಗಿಲ್ಲ."

"ಪಾರ್ಟಿ," ಎಂದರು ಮಾವ. ಶಾಯಿ ಒರೆಸಿದ ಬಟ್ಟೆ ಮಡಿಸಿಟ್ಟರು. "ಪೋನೀ ಬಿಡು," ಎಂದು ಎದ್ದು ಹೋದರು.

ಪುಸ್ತಕದ ಕೊನೆಯ ಹಾಳೆಯಲ್ಲಿ ಇನ್ನೊಂದು ವಿಚಿತ್ರ ಸಿಕ್ಕಿತು. ಹದಿಮೂರು ಸಾಲು. ಪ್ರತಿ ಸಾಲಿನಲ್ಲೂ ಮೂರು ಸಲ ಒಂದೇ ಅಂಕಿ: ಮೂರು ರೂಪಾಯಿ ಐದಾಣೆ ನಾಲ್ಕು ಪೈ. ಮೇಲುಗಡೆ ಹೆಸರಿನ ಬದಲು ಗುರುತು. ಒಂದು ಸೊನ್ನೆ, ಒಂದು ಗೀಟು, ಒಂದು ಕತ್ತರಿ. ಜಮಾ ಎಂದಾಗಲಿ ಖರ್ಚು ಎಂದಾಗಲಿ ಬರೆದಿರಲಿಲ್ಲ. ಕೂಡಿ ನೋಡಿದೆ. ಮೂರೂ ಸೇರಿ ಸರಿಯಾಗಿ ಹತ್ತು ರೂಪಾಯಿ. ಸತ್ತ ಮೇಲಿನ ತಿಂಗಳುಗಳೂ ಸರಿಯಾಗಿ ಹದಿಮೂರು. ಇದು ಕದ್ದ ಮಾಲನ್ನು ಹಂಚಿಕೊಂಡ ಲೆಕ್ಕ, ಮಾವನ ಹಿಂದೆ ಇನ್ನಿಬ್ಬರಿದ್ದಾರೆ ಎಂದು ಬರೆದೆ. ಸತ್ತವನ ಹೆಸರಿನಲ್ಲಿ ತಿಂಗಳು ತಿಂಗಳು ಹತ್ತು ರೂಪಾಯಿ ಹೊರಗಿನಿಂದ ಪುಸ್ತಕಕ್ಕೆ ಬಂದಿತ್ತಲ್ಲ, ಅದನ್ನು ಯಾರು ಕಟ್ಟಿದರು ಎಂದು ಕೇಳಿಕೊಳ್ಳಬೇಕಿತ್ತು. ಮೊದಲ ವರ್ಷದ ವಿದ್ಯಾರ್ಥಿಗೂ ಬರಬೇಕಾದ ಪ್ರಶ್ನೆ ಅದು. ಇನ್ನೂರು ಎತ್ತುವ ಆಸೆಗೆ ನೂರಮೂವತ್ತು ಕಟ್ಟಿದ್ದಾರೆ ಎಂದು ನಾನೇ ಉತ್ತರ ಹಚ್ಚಿಬಿಟ್ಟೆ. ಹೆಬ್ಬೆಟ್ಟು ಸಿಕ್ಕಿದ ಮೇಲೆ ಬೇರೆ ಏನೂ ಕಣ್ಣಿಗೆ ಬೀಳಲಿಲ್ಲ.

ಮೂರನೇ ಭಾನುವಾರದ ಹಿಂದಿನ ಸಂಜೆ ನಾನು ತೀರ್ಪಿನ ಶುದ್ಧಪ್ರತಿ ಬರೆಯುತ್ತಿದ್ದೆ. ಅಪ್ಪ ಬಂದು ಹೊಸಿಲ ಮೇಲೆ ಕೂತ.

"ಮಗಾ, ಆ ಒಂಬತ್ನೇ ನಂಬರು..."

ನಾನು ಕೈ ಎತ್ತಿದೆ. "ಅಪ್ಪಾ, ತೀರ್ಪು ಆಗೋವರೆಗೂ ಇದನ್ನ ನನ್ನ ಹತ್ರ ಮಾತಾಡಬಾರದು. ಕಾನೂನು ಒಪ್ಪಲ್ಲ."

"ಅಪ್ಪನ ಜೊತೇನೂವಾ?"

"ಯಾರ ಜೊತೆಯೂ ಇಲ್ಲ."

"ಅಂಗಾ," ಎಂದ ಅಪ್ಪ. ನಾನು ಬರೆಯುವುದನ್ನೇ ನೋಡಿ ಎದ್ದು ಹೋದ. ನನ್ನ ಕಾಗದಪತ್ರವೆಂದರೆ ಅವನಿಗೆ ದೇವರ ಪಟದ ಹಾಗೆ, ದೂರದಿಂದಲೇ ನೋಡುವುದು.

ಮಾರನೇ ದಿನ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನ ಪಕ್ಕ, ಮರದ ಕೆಳಗೆ ಎಲ್ಲರೂ ಸೇರಿದರು. ನಾನು ಒಂದು ಪೆಟ್ಟಿಗೆಯ ಮೇಲೆ ಕೂತು ಓದಿದೆ. ಪುಸ್ತಕ ಕೈಯಿಂದ ಕೈಗೆ ಹೋಯಿತು. ಭೂತಗನ್ನಡಿ ಹಿಡಿದು ಒಬ್ಬೊಬ್ಬರೂ ಹೆಬ್ಬೆಟ್ಟು ನೋಡಿದರು. ಓದಲು ಬರದವರಿಗೂ ಅದು ಅರ್ಥವಾಗುತ್ತಿತ್ತು. "ಅಬ್ಬಬ್ಬಾ, ಗೆರೆ ಅಂಗಂಗೇ ಐತಲ್ಲೋ!" ಎಂದರು. ಆಮೇಲೆ ಕೊನೆಯ ಹಾಳೆ ತೆಗೆದು, "ಇದು ಮೂರು ಪಾಲು. ಇನ್ನಿಬ್ಬರು ಪಾಲುದಾರರು ಇಲ್ಲೇ ನಮ್ಮ ನಡುವೆ ಇರಬಹುದು. ಯಾರೆಂದು ಮಾವನೇ ಹೇಳಬೇಕು" ಎಂದೆ.

ಮಾವ ತಲೆ ಎತ್ತಿ ಜನರ ಕಡೆ ನೋಡಿದರು. ಅವರ ಕಣ್ಣು ಒಂದು ಗಳಿಗೆ ನನ್ನಪ್ಪನ ಮೇಲೆ ನಿಂತಿತು. ಅಪ್ಪ ಎದ್ದು ನಿಲ್ಲಲು ಹೊರಟವನ ಹಾಗೆ ನೆಲಕ್ಕೆ ಕೈ ಊರಿದ್ದ. ಮಾವ ಬೇಡವೆಂಬಂತೆ ಸುಮ್ಮನೆ ತಲೆ ಆಡಿಸಿದರು. ಇದನ್ನು ನಾನು ಕಂಡೆ. ಮಗನ ಜಾಣತನ ನೋಡಿ ಅಪ್ಪನಿಗೆ ಕೂರಲಾಗುತ್ತಿಲ್ಲ ಎಂದುಕೊಂಡೆ!

"ನಾನೊಬ್ನೇ," ಎಂದರು ಮಾವ. "ತಿಂದೆ ಅಂತ ಬರ್ಕೊ. ತಪ್ಪಾಯ್ತು."

ಇನ್ನೂರು ರೂಪಾಯಿಯನ್ನು ಸತ್ತವನ ಮನೆಯ ಹಿರಿಯನಾದ ಅಣ್ಣನಿಗೆ ಕೊಡಬೇಕು. ತಿಂಗಳಿಗೆ ಹತ್ತರಂತೆ ಇಪ್ಪತ್ತು ಕಂತು. ಪ್ರತಿ ಕಂತನ್ನೂ ಸಂಬಳದ ಮಾರನೇ ದಿನ ಅದೇ ಡಬ್ಬಿಯಲ್ಲಿ ಎಲ್ಲರ ಎದುರು ಎಣಿಸಿ ಕೊಡಬೇಕು. ಮಧ್ಯಸ್ಥನಾದ ನಾನು ಪುಸ್ತಕದಲ್ಲಿ ಸಹಿ ಹಾಕಬೇಕು. ಇದು ನನ್ನ ತೀರ್ಪು. ಎಲ್ಲರ ಎದುರು ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದ್ದು. ಚೀಟಿಯನ್ನು ಅವರ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಒಂದು ತಿಂಗಳೊಳಗೆ ಅಣ್ಣತಮ್ಮಂದಿರ ಪಾಲು, ಹುಣಸೆ ವ್ಯಾಪಾರದ ತಕರಾರು ಎಂದು ನಾಲ್ಕು ಪಂಚಾಯ್ತಿಗಳು ನನ್ನ ಮನೆ ಬಾಗಿಲಿಗೆ ಬಂದವು. ನಮ್ಮ ಆಡಿಟರು ಸಂಬಳ ಹೆಚ್ಚಿಸಿದರು.

ಸಂಬಳದ ಮಾರನೇ ದಿನ ನಾನು ಬೆಳಗಿನ ಗಾಡಿ ಹತ್ತುತ್ತಿದ್ದೆ. ಮಾವ ಅದೇ ಕಿಟಕಿಯ ಜಾಗದಲ್ಲಿ ಕೂತಿರುತ್ತಿದ್ದರು. ಪಕ್ಕದಲ್ಲಿ ಯಾರೂ ಇಲ್ಲ. ಜನ ನಿಂತೇ ಹೋಗುತ್ತಿದ್ದರು, ಅವರ ಬೆಂಚಿನ ಮೇಲೆ ಮಾತ್ರ ಕೂರುತ್ತಿರಲಿಲ್ಲ. ಕೂತರೆ ಇನ್ನಿಬ್ಬರಲ್ಲಿ ಇವನೊಬ್ಬ ಎಂದಾರು ಎಂಬ ಹೆದರಿಕೆ. ನನ್ನ ಒಂದು ವಾಕ್ಯ ಆ ಬೆಂಚನ್ನು ಖಾಲಿ ಮಾಡಿತ್ತು. ಅಪ್ಪನೂ ಡಬ್ಬಿಯ ಇನ್ನೊಂದು ತುದಿಯಲ್ಲಿ ಬಾಗಿಲಿಗೆ ಒರಗಿ ನಿಂತಿರುತ್ತಿದ್ದ. ಮಾವ ಖಾಲಿ ಜಾಗದಲ್ಲಿ ತಮ್ಮ ಬುತ್ತಿ ಡಬ್ಬಿ ಇಟ್ಟುಕೊಳ್ಳುತ್ತಿದ್ದರು.

ಆರನೇ ಕಂತಿನ ಹೊತ್ತಿಗೆ ಒಂದು ಮಧ್ಯಾಹ್ನ ಮನೆಯಲ್ಲಿ ಅಮ್ಮ ಮುನಿಸಿನಲ್ಲಿದ್ದಳು. ನಾನು ಸಂಬಳ ಕೊಟ್ಟರೂ ಮನೆಖರ್ಚಿಗೆ ಯಾಕೆ ಸಾಲುತ್ತಿಲ್ಲ ಎಂದು ಕೇಳಿದೆ.

"ನಿಮ್ಮಪ್ಪನ್ನ ಕೇಳು. ಸತ್ತೋನ ಚೀಟಿ ಒಂದ್ಸಲ ಕಟ್ಟಿದ್ದಾಯ್ತು. ಈಗ ಇನ್ನೊಂದ್ಸಲ ಕಟ್ತಾವ್ನೆ. ಆಗ ಮೂರೂ ಚಿಲ್ಲರೆ, ಈಗ ಐದು. ನೀನು ಬರೆದ ದಂಡದಾಗೆ ಅರ್ಧ ನಮ್ಮನೇದೇ ಕಣಪ್ಪ."

ಮೂರೂ ಚಿಲ್ಲರೆ. ಕೊನೆಯ ಹಾಳೆಯ ಮೂರು ರೂಪಾಯಿ ಐದಾಣೆ ನಾಲ್ಕು ಪೈ.

ಅಮ್ಮ ಹೇಳಿದ್ದು ಇಷ್ಟು. ಕೆಳಗೆ ಬಂಡೆ ಸಿಡಿದು ಯಾರಾದರೂ ಸತ್ತರೆ, ಹೆಣವನ್ನು ಮೇಲಕ್ಕೆ ತಂದವರೇ ಅವನ ಚೀಟಿ ಕಟ್ಟಿ ಮುಗಿಸಬೇಕು. ಕೆಳಗಿಳಿಯುವವರ ನಡುವೆ ಅದು ನಡೆದುಬಂದ ಕಟ್ಟಳೆ. ಚೀಟಿಯಲ್ಲಿದ್ದ ಮಿಕ್ಕವರೆಲ್ಲ ಗಣಿಯ ಮೇಲಿನ ಕೆಲಸದವರು, ಅವರಿಗೆ ಗೊತ್ತಿಲ್ಲ, ಹೇಳಿಕೊಳ್ಳುವ ಹಾಗೂ ಇಲ್ಲ. ಆ ತಮ್ಮನನ್ನು ಮೇಲಕ್ಕೆ ತಂದವರು ಮೂವರು. ಚೀಟಿ ಮಾವ, ಅಪ್ಪ, ಮತ್ತೆ ಕೆಲಸ ಬಿಟ್ಟು ಕುಪ್ಪಂ ಆಚೆಯ ತನ್ನ ಊರಿಗೆ ಹೋದ ಇನ್ನೊಬ್ಬ. ಹತ್ತನ್ನು ಮೂರು ಪಾಲು ಮಾಡಿ ಹದಿಮೂರು ತಿಂಗಳು ಕಟ್ಟಿದರು. ನಂಬರು ಎದ್ದಾಗ ಇನ್ನೂರು ರೂಪಾಯಿಯನ್ನು ಸತ್ತವನ ಹೆಂಡತಿಯ ಕೈಗೆ ಕೊಟ್ಟರು. ಅವಳ ಹೆಸರು ಪುಸ್ತಕದಲ್ಲಿ ಬಂದರೆ ತಮ್ಮನ ಹೆಂಡತಿಯ ದುಡ್ಡು ಮನೆತನದ್ದೆಂದು ಭಾವ ಕಿತ್ತುಕೊಳ್ಳುತ್ತಾನೆ. ಅದಕ್ಕೇ ಸತ್ತವನ ಹೆಸರು ಹಾಗೇ ಉಳಿಯಿತು. ಹೆಬ್ಬೆಟ್ಟು ಮಾವ ಒತ್ತಿದರು.

ನಾನು ಎದ್ದು ಹೋಗಿ ಟ್ರಂಕು ತೆಗೆದೆ. ಓದುವಾಗ ಅಪ್ಪ ಕಳಿಸುತ್ತಿದ್ದ ಮನಿಯಾರ್ಡರಿನ ತುಂಡು ಕಾಗದಗಳನ್ನೆಲ್ಲ ನಾನು ಜೋಡಿಸಿ ಇಟ್ಟಿದ್ದೆ. ತಿಂಗಳಿಗೆ ಇಪ್ಪತ್ತೈದು. ನಡುವೆ ಅದು ಇಪ್ಪತ್ತೊಂದೂವರೆಗೆ ಇಳಿದಿತ್ತು. ಎಣಿಸಿದೆ. ಹದಿಮೂರು ತಿಂಗಳು ಇಪ್ಪತ್ತೊಂದೂವರೆ. ಆಮೇಲೆ ಮತ್ತೆ ಇಪ್ಪತ್ತೈದು. ಊರವರ ಪುಸ್ತಕವನ್ನು ಭೂತಗನ್ನಡಿ ಹಿಡಿದು ನೋಡಿದವನ ಟ್ರಂಕಿನಲ್ಲಿ ಈ ಸಾಕ್ಷಿ ಬಿದ್ದಿತ್ತು.

ಆಗ ನಾನು ಅಪ್ಪನಿಗೆ ಬರೆದಿದ್ದ ಕಾಗದವೂ ನೆನಪಾಯಿತು. ಓದಿಸಲು ಕೈಲಾಗದಿದ್ದರೆ ಮೊದಲೇ ಹೇಳಬೇಕಿತ್ತು, ಹಾಸ್ಟೆಲಿನಲ್ಲಿ ನನ್ನ ಮರ್ಯಾದೆ ಹೋಗುತ್ತಿದೆ ಎಂದು ಬರೆದಿದ್ದೆ. ಅಪ್ಪನಿಗೆ ಕಾಗದ ಓದಿ ಹೇಳುತ್ತಿದ್ದವರು ಚೀಟಿ ಮಾವ.

ಅಪ್ಪ ಕೆಲಸದಿಂದ ಬಂದ ಮೇಲೆ ಕೇಳಿದೆ, "ನನಗೆ ಯಾಕೆ ಹೇಳಲಿಲ್ಲ?"

ಅಪ್ಪ ಕಾಲು ತೊಳೆಯುತ್ತಿದ್ದ. "ಏಳಕ್ಕೇ ಬಂದಿದ್ದೆ. ಮಾತಾಡಬಾರ್ದು, ಕಾನೂನು ಒಪ್ಪಲ್ಲ ಅಂದೆ. ನಂಗೇನ್ ಗೊತ್ತು ಮಗಾ ಕಾನೂನು? ಮಾತಾಡಿದ್ರೆ ನಿನ್ನ ಕೆಲ್ಸಕ್ಕೇ ಕುತ್ತು ಬತ್ತದೇನೋ ಅಂದ್ಕಂಡೆ." ಚೊಂಬು ಕೆಳಗಿಟ್ಟು ಮತ್ತೆ ಹೇಳಿದ, "ಅಲ್ದೆ, ಓದಿದೋನಲ್ವಾ. ಪುಸ್ತಕ ನೋಡುದ್ರೆ ನಿಂಗೇ ತಿಳೀತದೆ ಅಂದ್ಕಂಡಿದ್ದೆ."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ಮಾರನೇ ಭಾನುವಾರ ಮಾವನ ಮನೆಗೆ ಹೋದೆ. ಅವರು ಮಂಚದ ಹಗ್ಗ ಬಿಗಿಯುತ್ತಿದ್ದರು. ಜನರನ್ನು ಮತ್ತೆ ಸೇರಿಸಿ ತೀರ್ಪು ತಪ್ಪೆಂದು ಹೇಳುತ್ತೇನೆ ಎಂದೆ.

"ಏನಂತ ಏಳ್ತೀಯಾ?" ಎಂದರು. "ದುಡ್ಡು ಎಲ್ಲೋಯ್ತು ಅಂತ ಕೇಳ್ತಾರೆ. ಆ ಯಮ್ಮ ಒಂದು ಹಳೇ ಹೊಲಿಗೆ ಮಿಷನ್ ತಗಂಡು ಪೇಟೆಯಾಗೆ ರವಿಕೆ ಹೊಲ್ಕಂಡು ಮಗೂನ ಸಾಕ್ತಾವ್ಳೆ. ಅವ್ನು ಓಗಿ ಮಿಷನ್ನೇ ಎತ್ಕಂಡ್ ಬತ್ತಾನೆ. ಬ್ಯಾಡ. ಇನ್ನು ಹದಿನಾಲ್ಕು ತಿಂಗ್ಳು. ತೀರೋತದೆ."

"ಹಂಗಾದ್ರೆ ಮಿಕ್ಕ ಕಂತು ನಾನು ಕಟ್ತೀನಿ ಮಾವ."

"ಯಾಕೆ, ನೀನು ಅವನ್ನ ಎತ್ಕಂಡ್ ಮೇಲಕ್ಕೆ ಬಂದಿದ್ಯಾ?" ನಕ್ಕರು. ಹಗ್ಗ ಎಳೆದು ಗಂಟು ಹಾಕಿದರು. ಆಮೇಲೆ ನನ್ನ ಕಡೆ ನೋಡದೆ, "ಒಂದು ಕೆಲ್ಸ ಮಾಡು, ಆದ್ರೆ," ಎಂದರು. "ಗಾಡೀಲಿ ಒಂದ್ಸಲ ನನ್ನ ಪಕ್ಕ ಕೂತ್ಕೊ. ನಿಮ್ಮಪ್ಪ ಕೂತ್ಕೊತೀನಿ ಅಂತಾನೆ, ನಾನೇ ಬ್ಯಾಡ ಅಂದಿದೀನಿ. ಅವನು ಕೂತ್ರೆ ಜನ ಲೆಕ್ಕ ಆಕ್ತಾರೆ. ನೀನು ಕೂತ್ರೆ ಯಾರೂ ಏನೂ ಅನ್ನಲ್ಲ. ಬರೆದೋನೇ ನೀನು. ಆಡಿಟರೇ ಕೂತವ್ನೆ ಅಂತ ಆಮೇಲೆ ಒಬ್ಬೊಬ್ರೇ ಕೂತ್ಕಂತಾರೆ."

ಅವರು ನನ್ನಲ್ಲಿ ಕೇಳಿದ್ದು ಇದೊಂದೇ. ಆಗಲಿ ಮಾವ ಎಂದು ಬಂದೆ.

ಏಳನೇ ಕಂತಿನ ದಿನ ಡಬ್ಬಿ ಹತ್ತಿದೆ. ಬೆಂಚಿನ ಮೇಲೆ ಬುತ್ತಿ ಡಬ್ಬಿ ಇತ್ತು. ನನ್ನನ್ನು ಕಂಡು ಮಾವ ಅದನ್ನು ತೊಡೆಯ ಮೇಲೆ ಎತ್ತಿಕೊಂಡರು. ಜನ ನನ್ನನ್ನೇ ನೋಡುತ್ತಿದ್ದರು. ನಾನು ನಿಂತೇ ಸಹಿ ಹಾಕಿದೆ, ಕೆಲಸವಿದೆ ಎಂಬವನಂತೆ ಬಾಗಿಲ ಕಡೆ ಹೋದೆ. ಮುಂದಿನ ತಿಂಗಳು ಎಂದುಕೊಂಡೆ. ಮುಂದಿನ ತಿಂಗಳೂ ಹಾಗೇ ಆಯಿತು. ಅದರ ಮುಂದಿನ ತಿಂಗಳೂ ಹಾಗೇ. ಪ್ರತಿ ಸಲವೂ ಮಾವ ಬುತ್ತಿ ಎತ್ತಿಕೊಳ್ಳುತ್ತಿದ್ದರು, ನಾನು ಬಾಗಿಲಿಗೆ ಹೋದ ಮೇಲೆ ಮತ್ತೆ ಕೆಳಗಿಡುತ್ತಿದ್ದರು. ಮೂರೇ ಮೂರು ಹೆಜ್ಜೆಯ ಜಾಗ. ಆಡಿಟರಿಗೆ ತನ್ನ ತೀರ್ಪಿನ ಮೇಲೇ ಅನುಮಾನ ಬಂತಾ ಎಂದು ಜನ ಕೇಳಿಯಾರು ಎಂಬ ಭಯ. ಆಗ ನನ್ನ ಮುಂದೆ ಆರೇಳು ಪಂಚಾಯ್ತಿಗಳಿದ್ದವು.

ಆ ದಿನಗಳಲ್ಲೇ ಒಮ್ಮೆ ಪೇಟೆಯಲ್ಲಿ ಆ ಹೆಂಗಸನ್ನು ಹುಡುಕಿಕೊಂಡು ಹೋದೆ. ಬಟ್ಟೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಮಿಷನ್ ಹಾಕಿಕೊಂಡು ಕೂತಿದ್ದಳು. ಯಾಕೆ ಬಂದೆನೆಂದು ಹೇಳಲಾರದೆ ಅಂಗಿಯ ಹರಿದ ತೋಳು ತೋರಿಸಿದೆ. ನಿಂತ ಹಾಗೇ ಹೊಲಿದು ಕೊಟ್ಟಳು. ಎರಡಾಣೆ ಕೊಡಲು ಹೋದರೆ, "ಬ್ಯಾಡಣ್ಣ. ನೀವು ಅವರ ಮಗ ಅಲ್ವಾ?" ಎಂದಳು. ದಾರ ಕಚ್ಚಿ ತುಂಡರಿಸಿ, "ಚೀಟಿ ಮಾವ ಸೆಂದಾಗವ್ರಾ? ಈ ಕಡೆ ಬಂದು ಬೋ ದಿನ ಆಯ್ತು," ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

"ಚೆನ್ನಾಗಿದ್ದಾರೆ," ಎಂದೆ.

ಇಪ್ಪತ್ತನೇ ಕಂತಿನ ದಿನ ಬಂತು. ಬಂಗಾರಪೇಟೆ ಬಿಡುತ್ತಲೇ ಮಾವ ಹತ್ತು ರೂಪಾಯಿ ಎಣಿಸಿದರು. ಅಣ್ಣ ಅದನ್ನು ಇನ್ನೊಮ್ಮೆ ಎಣಿಸಿಕೊಂಡ. ನಾನು ಪುಸ್ತಕದಲ್ಲಿ ಬಾಕಿ ಇಲ್ಲ ಎಂದು ಬರೆದು ಸಹಿ ಹಾಕಿದೆ. ಇನ್ನು ನಾನು ಆ ಡಬ್ಬಿ ಹತ್ತುವ ಕಾರಣವಿರಲಿಲ್ಲ. ಇವತ್ತಲ್ಲದಿದ್ದರೆ ಮುಗಿಯಿತು. ಮಾವ ಎಂದಿನಂತೆ ಬುತ್ತಿಯನ್ನು ತೊಡೆಯ ಮೇಲೆ ಎತ್ತಿಕೊಂಡರು. ಈ ಸಲ ನಾನು ಕೂತೆ.

ಮಾವ ಕಿಟಕಿಯ ಕಡೆ ಸರಿದು ನನಗೆ ಇನ್ನಷ್ಟು ಜಾಗ ಕೊಟ್ಟರು. ಜೇಬಿನಿಂದ ಕಡಲೆಕಾಯಿ ತೆಗೆದು ಒಂದು ಹಿಡಿ ನನ್ನ ಕೈಗೆ ಹಾಕಿದರು. ನಾನು ಒಂದನ್ನು ಸುಲಿದೆ.

ಎದುರಿಗೆ ನಿಂತಿದ್ದ ತಮಿಳಿನವನೊಬ್ಬ, ಡಬ್ಬಿಯ ತಮಾಷೆಗಾರ, ಕೂಗಿದ: "ಎನ್ನ ಸಾರ್! ಮೂರು ಪಾಲು ಅಂತ ಬರ್ದಿದ್ರಲ್ಲ, ಒಂದು ಪಾಲು ನಿಮ್ದೇನಾ?"

ಡಬ್ಬಿಯೆಲ್ಲ ಗೊಳ್ಳೆಂದು ನಕ್ಕಿತು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. "ಕಳ್ಳನ್ನ ಕಾಯಕ್ಕೆ ಕೂತವ್ರೆ ಕಣ್ಲಾ, ಬುತ್ತಿ ಕದ್ದಾನು ಅಂತ!" ಎಂದ.

ನಾನೂ ನಕ್ಕೆ.

ಬಾಯಿ ತುಂಬ ನಕ್ಕೆ. ನಕ್ಕು, ಕೂತದ್ದು ತಮಾಷೆಗೆ ಎಂಬಂತೆ ತೊಡೆಯ ಮೇಲಿನ ಸಿಪ್ಪೆ ಕೊಡವಿಕೊಂಡು ಎದ್ದುಬಿಟ್ಟೆ. ಮಾವ ನನ್ನ ಮುಖ ನೋಡಿದರು. ಕೋಪವಿರಲಿಲ್ಲ. ಬುತ್ತಿ ಡಬ್ಬಿಯನ್ನು ಮೆಲ್ಲಗೆ ನಾನು ಕೂತಿದ್ದ ಜಾಗದಲ್ಲಿ ಇಟ್ಟರು.

ನಾನು ಇಳಿಯುವ ಊರಿಗಾಂ ಬಂತು. ಇಳಿದು ಅವರ ಕಿಟಕಿಯ ಹತ್ತಿರ ನಿಂತು "ಮಾವ" ಎಂದೆ. ಅವರು, "ಸಾಕಪ್ಪ. ಓಗು, ಆಫೀಸಿಗೆ ಹೊತ್ತಾಯ್ತದೆ," ಎಂದರು.

ಆಗ ಡಬ್ಬಿಯ ಆ ತುದಿಯಿಂದ ಅಪ್ಪ ನಡೆದು ಬರುವುದು ಕಾಣಿಸಿತು. ಜನರನ್ನು ಸರಿಸಿಕೊಂಡು ಬಂದ. ಮಾವ ಬೇಡವೆಂದು ಕೈ ಆಡಿಸಿದರು. ಅಪ್ಪ ಆ ಕೈಯನ್ನು ಪಕ್ಕಕ್ಕೆ ತಳ್ಳಿ, ಬುತ್ತಿ ಡಬ್ಬಿಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಕೂತ.

"ಲೋ, ಇನ್ನೊಬ್ಬನೂ ಸಿಕ್ಕುದ್ನಲ್ಲೋ!" ಎಂದು ಯಾರೋ ಕೂಗಿದರು.

"ಊಂ ಕಣ್ಲಾ," ಎಂದ ಅಪ್ಪ. ಹೆಸರು ಬರೆಯಲು ಬಾರದ ನನ್ನಪ್ಪನ ದನಿ ಪ್ಲಾಟ್‌ಫಾರಮ್ಮಿನವರೆಗೂ ಕೇಳಿಸಿತು. "ಆ ಕೊನೇ ಹಾಳೆಯಾಗಿನ ಗೀಟು ನಂದೇ. ಬರ್ಕಳಿ."

ಜನ ಅದನ್ನೂ ತಮಾಷೆ ಎಂದುಕೊಂಡು ನಕ್ಕರು. ಗಾಡಿ ಹೊರಟಿತು. ಅಪ್ಪ ನನ್ನ ಕಡೆ ತಿರುಗಲಿಲ್ಲ. ಮಾವ ಕೊಟ್ಟ ಕಡಲೆಕಾಯಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು.